ಹೇಂಟೆಯನ್ನು ಕಾವಿಗೆ ಕೂರಿಸಿ ಮರಿ ಮಾಡಿಸಿದ 21 ದಿನ

ಹೋದ ವಾರ ಕೆಂಪು ಹೇಂಟೆ 11 ಮೊಟ್ಟೆಗೆ 9 ಮರಿ ಮಾಡಿತು. ಇದೇ ಹೇಂಟೆ ಏಪ್ರಿಲ್‌ನಲ್ಲಿ 13 ಮೊಟ್ಟೆ ಮೇಲೆ ಕೂತು ಎದ್ದಾಗ ಸಿಕ್ಕಿದ್ದು ಮೂರೇ ಮರಿ. ಜುಲೈ ಮಳೆಯಲ್ಲಿ ಕೂರಿಸಿದ ಬೂದುಬಣ್ಣದ ಹೇಂಟೆಗೆ ಒಂದೂ ಇಲ್ಲ. ಮೂರು ಸಲವೂ ಕೋಳಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಕೆಟ್ಟದ್ದೆಲ್ಲ ಅದು ಕೂರುವುದಕ್ಕೆ ಮುಂಚಿನ ವಾರದಲ್ಲಿ, ಮೊಟ್ಟೆ ಆರಿಸಿದ ಕೈಯಲ್ಲಿ, ಜಾಗ ಮಾಡಿದ ರೀತಿಯಲ್ಲಿ. ಮೂಡಿಗೆರೆ ಕಡೆ ಕಾಫಿ ತೋಟದ ಮನೆಗಳಲ್ಲಿ ಈಗ ಹಣ್ಣು ಕೊಯ್ಲು ಶುರುವಾಗುತ್ತಿದೆ, ಮಳೆ ಹಿಂದಾಗಿದೆ, ಕೂರಿಸುವವರಿಗೆ ಹದವಾದ ಕಾಲ. ಅದಕ್ಕೇ ಎಲ್ಲವನ್ನೂ ದಿನದ ಲೆಕ್ಕದಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಯಾವ ಕೋಳಿ ಎಂಬುದು. ಕಾವಿಗೆ ಕೂರುವ ಗುಣ ಊರಿನ ನಾಟಿ ಹೇಂಟೆಗಳಲ್ಲಿ ಗಟ್ಟಿಯಾಗಿದೆ. ಫಾರಂ ಬಿಳಿ ಕೋಳಿಯಲ್ಲಿ ಆ ಗುಣವನ್ನು ತಳಿ ಮಾಡುವಾಗಲೇ ಕಳೆದಿದ್ದಾರೆ, ಏಕೆಂದರೆ ಕಾವಿಗೆ ಕೂತಷ್ಟು ದಿನ ಕೋಳಿ ಮೊಟ್ಟೆ ಇಡುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ, ಸ್ವರ್ಣಧಾರಾ ತಳಿ ಸಾಕಿದವರೂ ಅವು ಕೂರಲಿ ಎಂದು ಕಾಯಬೇಡಿ. ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿಕೊಳ್ಳಬಹುದು. ಮೊಟ್ಟೆ ದೊಡ್ಡದಾದ್ದರಿಂದ ಎರಡು ಕಡಿಮೆ ಇಡಬೇಕು, ಅಷ್ಟೇ.

ಕೆಂಪು ಹೇಂಟೆ 14 ಮೊಟ್ಟೆ ಇಟ್ಟ ಮೇಲೆ ಸೌದೆ ಕೊಟ್ಟಿಗೆಯ ಮೂಲೆ ಬಿಟ್ಟು ಏಳಲಿಲ್ಲ. ಹಗಲು ಕೂತದ್ದನ್ನು ನೋಡಿ ಕಾವಿಗೆ ಬಂದಿದೆ ಎನ್ನುವ ಹಾಗಿಲ್ಲ, ಮೊಟ್ಟೆ ಇಡುವ ಕೋಳಿಯೂ ಗಂಟೆಗಟ್ಟಲೆ ಕೂರುತ್ತದೆ. ರಾತ್ರಿ ನೋಡಬೇಕು. ಉಳಿದವು ಒಡ್ಡಿಯೊಳಗೆ, ಅಂದರೆ ಕೋಳಿಮನೆಯೊಳಗೆ, ಮಲಗಲು ಅಡ್ಡೆಯ ಕೋಲು ಹತ್ತಿದಾಗ ಇದೊಂದು ಗೂಡಿನಲ್ಲೇ ಉಳಿದರೆ, ಕೈ ಚಾಚಿದರೆ ಪುಕ್ಕ ಉಬ್ಬಿಸಿ ಗುರ್ ಎಂದರೆ, ಮೇವಿಗೆ ಇಳಿದಾಗ ಕೊಕ್ ಕೊಕ್ ಎನ್ನುತ್ತ ಓಡಾಡಿದರೆ ಸರಿ. ಎದೆಯಡಿ ಕೈ ಹಾಕಿದರೆ ಪುಕ್ಕ ಉದುರಿ ಬರಿ ಚರ್ಮ ಬಿಸಿಯಾಗಿ ತಗಲುತ್ತದೆ. ಆ ಬರಿ ಚರ್ಮವೇ ಮೊಟ್ಟೆಗೆ ಕಾವು ಕೊಡುವ ಜಾಗ. ಈ ಗುರುತುಗಳು ಮೂರು ರಾತ್ರಿ ಸತತ ಕಂಡ ಮೇಲೆ ಮುಂದಿನ ಕೆಲಸಕ್ಕೆ ಇಳಿದೆವು. ಅವಸರಪಟ್ಟು ಮೊದಲ ರಾತ್ರಿಯೇ ಒಳ್ಳೆಯ ಮೊಟ್ಟೆ ಇಟ್ಟರೆ, ನಾಲ್ಕನೇ ದಿನ ಅದು ಎದ್ದು ಹೋದಾಗ ಮೊಟ್ಟೆಯೂ ಹೋಯಿತು, ವಾರವೂ ಹೋಯಿತು.

ಆ ಮೂರು ದಿನ ಸುಮ್ಮನೆ ಕೂರುವ ಹಾಗಿರಲಿಲ್ಲ, ಹೇನಿನ ಕೆಲಸ ಇತ್ತು. ಜುಲೈಯಲ್ಲಿ ಕಲಿತ ಪಾಠ ಇದು. ಬೂದು ಹೇಂಟೆ ಹದಿನೈದನೇ ದಿನದ ಮೇಲೆ ಗೂಡಿನಲ್ಲಿ ನಿಂತೇ ಇರುತ್ತಿತ್ತು, ತಲೆಯ ಜುಟ್ಟು ಬಿಳಿಚಿಕೊಂಡಿತ್ತು. ರಾತ್ರಿ ಟಾರ್ಚ್ ಹಿಡಿದು ಹುಲ್ಲು ಸರಿಸಿದಾಗ ಮಂಕರಿಯ ಹೆಣಿಗೆ ಸಂದಿನಿಂದ ಸಾಸಿವೆಯ ಕಾಲು ಭಾಗವೂ ಇಲ್ಲದ ಹುಳ ಸಾಲುಗಟ್ಟಿ ಹೊರಡುತ್ತಿದ್ದವು. ರಕ್ತ ಕುಡಿಯದವು ಬೂದುಬಣ್ಣ, ಕುಡಿದವು ಕೆಂಪು. ಅರೆ ನಿಮಿಷ ಕೈ ಅಲ್ಲಿಟ್ಟರೆ ಮೊಣಕೈವರೆಗೆ ಹತ್ತಿದ್ದವು. ಹಗಲು ಅವು ಸಂದಿಯೊಳಗೆ ಅಡಗಿರುತ್ತವೆ, ಕೋಳಿಯ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ. ದಿನಕ್ಕೆ ಒಂದೇ ಸಲ ಏಳುವ ಕೋಳಿ ಮಣ್ಣುಸ್ನಾನ ಮಾಡುವುದೂ ಕಡಿಮೆ. ಹಾಗಾಗಿ ಕಾವಿನ ಕೋಳಿಗೆ ಹೇನು ಹತ್ತಿದರೆ ರಕ್ತ ಬತ್ತಿ ಕೂತಲ್ಲೇ ಸಾಯುವುದೂ ಉಂಟು.

ಈ ಸಲ ಮಂಕರಿಗೆ ಕುದಿಯುವ ನೀರನ್ನು ಎರಡು ಸಲ ಸುರಿದು ಕಾಫಿ ಕಣದಲ್ಲಿ ಎರಡು ದಿನ ಬಿಸಿಲಿಗೆ ಹಾಕಿದೆವು. ಹೇಂಟೆಯನ್ನು ತಲೆಕೆಳಗಾಗಿ ಹಿಡಿಯದೆ ತೊಡೆಯ ಮೇಲೆ ಕೂರಿಸಿಕೊಂಡು, ಜರಡಿ ಹಿಡಿದ ಒಲೆ ಬೂದಿಯನ್ನು ರೆಕ್ಕೆಯಡಿ, ಕುತ್ತಿಗೆ, ಬಾಲದ ಬುಡಕ್ಕೆ ಪುಕ್ಕ ಬಿಡಿಸಿ ಉಜ್ಜಬೇಕು. ಬೂದಿ ಪೂರ್ತಿ ಆರಿರಬೇಕು, ಒಳಗೆ ಕೆಂಡದ ಚೂರು ಉಳಿದಿರಬಾರದು. ಒಂದೇ ಸಲ ಮಾಡಿದರೆ ಸಾಲದು. ಹಗಲೂ ಮೈಮೇಲೇ ಇರುವ ಹೇನಿನ ಜಾತಿ ಬೇರೆ ಇದೆ, ಅದು ಪುಕ್ಕಕ್ಕೆ ಅಂಟಿಸಿದ ಮೊಟ್ಟೆ ವಾರದೊಳಗೆ ಒಡೆಯುತ್ತದೆ, ಆದ್ದರಿಂದ ಏಳನೇ ದಿನ ಇನ್ನೊಮ್ಮೆ ಹಾಕಿದೆವು. ಹೊಗೆಸೊಪ್ಪಿನ ನೀರನ್ನು ಕೋಳಿಯ ಮೈಗೆ ಬಳಿಯುವುದನ್ನು ಮಾತ್ರ ಮಾಡಬೇಡಿ, ಅದು ವಿಷ. ಮೊಟ್ಟೆಯ ಚಿಪ್ಪಿನ ರಂಧ್ರಗಳಿಗೂ ಅದು ಇಳಿಯುತ್ತದೆ.

ಗೂಡಿನ ಅಳತೆ: ಮಂಕರಿಯ ಬಾಯಿ 14 ಇಂಚು, ಆಳ 6 ಇಂಚು. ತಳದಲ್ಲಿ ಎರಡು ಇಂಚು ಒಣ ಮರಳು ಹಾಕಿ, ಅಂಗೈಯಿಂದ ಒತ್ತಿ ತಟ್ಟೆಯ ಹಾಗೆ ನಡುವೆ ತಗ್ಗು ಮಾಡಿ, ಮೇಲೆ ಎರಡು ಹಿಡಿ ಭತ್ತದ ಹುಲ್ಲು, ಹುಲ್ಲಿನಡಿ ಒಂದು ಹಿಡಿ ಲಕ್ಕಿ ಸೊಪ್ಪು. ತಳ ಸಪಾಟಾದರೆ ಕೋಳಿ ತಿರುಗುವಾಗ ಮೊಟ್ಟೆ ಅಂಚಿಗೆ ಉರುಳಿ ತಣ್ಣಗಾಗುತ್ತದೆ. ತೀರ ಗುಳಿಯಾದರೆ ಒಂದರ ಮೇಲೊಂದು ಬಿದ್ದು ಒಡೆಯುತ್ತದೆ. ಹುಲ್ಲನ್ನು ಮೂಸಿ ನೋಡಿ. ಬೂಷ್ಟಿನ ವಾಸನೆ ಇದ್ದರೆ ಅದು ದನಕ್ಕೂ ಬೇಡ, ಕೋಳಿಗೂ ಬೇಡ. ಬೂಷ್ಟಿನ ಬೀಜ ಮರಿಗಳ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದು ಏದುತ್ತ ಮೊದಲ ವಾರದಲ್ಲೇ ಸಾಯುತ್ತವೆ, ಅದಕ್ಕೆ ಮದ್ದಿಲ್ಲ. ಕಾಫಿ ಸಿಪ್ಪೆಯ ಹೊಟ್ಟು ಮಲೆನಾಡಿನಲ್ಲಿ ಬಿಟ್ಟಿ ಸಿಗುತ್ತದೆ, ಆದರೆ ತೇವ ಎಳೆದುಕೊಂಡು ಬೇಗ ಬೂಷ್ಟು ಹಿಡಿಯುತ್ತದೆ. ಗೂಡಿಗೆ ಹಾಕಬೇಡಿ.

ಇನ್ನು ಮೊಟ್ಟೆ. ಎರಡು ಸಲ ಕೈಕೊಟ್ಟದ್ದು ಇಲ್ಲೇ.

ಜುಲೈಯಲ್ಲಿ ಮನೆಯ ಮೊಟ್ಟೆ ಸಾಲದೆ ಪೇಟೆಯ ಅಂಗಡಿಯಿಂದ ‘ನಾಟಿ ಮೊಟ್ಟೆ’ ಎಂದು ಆರು ತಂದಿದ್ದೆವು. ಕಂದು ಬಣ್ಣ, ಒಂದೇ ಅಳತೆ. ಆರೂ ಗೊಡ್ಡು. ಕಂದು ಮೊಟ್ಟೆ ಇಡುವ ಫಾರಂ ಕೋಳಿಗಳಿವೆ, ಅವುಗಳ ಜೊತೆ ಹುಂಜ ಇರುವುದಿಲ್ಲ. ಹುಂಜ ಇಲ್ಲದ ಮೊಟ್ಟೆ ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗದು. ಎಲ್ಲಿಂದ ತಂದರೂ ಅದೇ ಗುಂಪಿನ ಒಂದನ್ನು ತಟ್ಟೆಗೆ ಒಡೆದು ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಬೀಜ ಕಟ್ಟಿದ್ದರೆ ಚುಕ್ಕೆಯ ಸುತ್ತ ಬಳೆಯ ಹಾಗೆ ದುಂಡನೆಯ ವೃತ್ತ ಇರುತ್ತದೆ, ಅಗಲ ಸುಮಾರು 4 ಮಿಲಿಮೀಟರ್. ಗೊಡ್ಡಿನಲ್ಲಿ ಅಂಚು ಹರಿದ ಚಿಕ್ಕ ಬಿಳಿ ಕಲೆ ಮಾತ್ರ. ಒಡೆದ ಮೊಟ್ಟೆ ಆಮ್ಲೆಟ್‌ಗೆ ಆಗುತ್ತದೆ, ಗೊಡ್ಡಿನ ಮೇಲೆ 21 ದಿನ ದಂಡವಾಗುವುದು ತಪ್ಪುತ್ತದೆ. ಸ್ವಂತ ಕೋಳಿಗಳಾದರೆ 8ರಿಂದ 10 ಹೇಂಟೆಗೆ ಒಂದು ಹುಂಜ ಸಾಕು. ಹೊಸ ಹುಂಜ ತಂದ ಒಂದು ವಾರದ ಮೇಲಿನ ಮೊಟ್ಟೆಯನ್ನು ಲೆಕ್ಕಕ್ಕೆ ಹಿಡಿಯಿರಿ.

ಏಪ್ರಿಲ್‌ನ ಕಥೆ ಬೇರೆ. ಅಂದು ಹದಿಮೂರೂ ಮನೆಯದೇ, ಬೀಜ ಕಟ್ಟಿದವೇ. ಮರಿ ಬಾರದಿದ್ದಾಗ ಪಕ್ಕದ ಮನೆಯ ಅಜ್ಜಿ ‘ಗುಡುಗಿಗೆ ಹೋಯ್ತು ಕಣಪ್ಪ, ಗೂಡಲ್ಲಿ ಒಂದ್ ಚೂರು ಕಬ್ಬಿಣ ಇಡಬೇಕಿತ್ತು’ ಅಂದರು. ಭರಣಿ ಮಳೆಯ ಗುಡುಗು ನಿಜವಾಗಿಯೂ ಬಂದಿತ್ತು. ಆದರೆ ಆ ಮೊಟ್ಟೆಗಳನ್ನು 12 ದಿನ ಹೆಂಚಿನಡಿಯ ಅಟ್ಟದಲ್ಲಿ ಕೂಡಿಟ್ಟಿದ್ದೆವು. ಬಿಸಿ 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೋಳಿ ಕೂರದಿದ್ದರೂ ಒಳಗಿನ ಬೀಜ ಮೆಲ್ಲಗೆ ಬೆಳೆಯಲು ತೊಡಗುತ್ತದೆ, ಬೇಕಾದಷ್ಟು ಕಾವು ಸಿಗದೆ ಅಲ್ಲೇ ಸಾಯುತ್ತದೆ. ಗುಡುಗಿನ ಕಾಲವೂ ಸೆಕೆಯ ಕಾಲವೂ ನಮ್ಮಲ್ಲಿ ಒಂದೇ ಆದ್ದರಿಂದ ತಪ್ಪು ಗುಡುಗಿನ ಮೇಲೆ ಹೋಗುತ್ತದೆ. ಕಬ್ಬಿಣದ ಚೂರು ಇಡುವುದರಿಂದ ಕೆಡುಕೇನಿಲ್ಲ, ಅಜ್ಜಿಗಾಗಿ ಈ ಸಲ ಒಂದು ಲಾಳ ಇಟ್ಟೆವು. ಮೊಟ್ಟೆಯನ್ನು ಮಾತ್ರ ಅಟ್ಟದಿಂದ ಇಳಿಸಿ, ತಣ್ಣಗಿನ ದೇವರ ಕೋಣೆಯ ನೆಲದಲ್ಲಿ ರಾಗಿ ತುಂಬಿದ ಪಾತ್ರೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿದೆವು. ಏಳು ದಿನಕ್ಕಿಂತ ಹಳೆಯದು ಒಂದೂ ಇರದ ಹಾಗೆ ನೋಡಿಕೊಂಡೆವು. ಹೇಂಟೆ ಇಟ್ಟ 14ರಲ್ಲಿ ಕೊನೆಯ 6 ಮಾತ್ರ ಉಳಿಸಿಕೊಂಡು, 5ನ್ನು ಹುಂಜ ಇರುವ ಇನ್ನೊಂದು ಮನೆಯಿಂದ 15 ರೂಪಾಯಿಗೊಂದರಂತೆ ತಂದೆವು. ದೂರದಿಂದ ತಂದ ಮೊಟ್ಟೆಯನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟು ಆಮೇಲೆ ಕೂರಿಸಬೇಕು.

ಮೊಟ್ಟೆ ತೊಳೆಯಬೇಡಿ. ಚಿಪ್ಪಿನ ಮೇಲಿನ ತೆಳು ಪೊರೆ ತೊಳೆದು ಹೋದರೆ ಕೊಳಕು ಒಳಗೆ ಇಳಿಯುತ್ತದೆ. ಹಿಕ್ಕೆ ಮೆತ್ತಿದ್ದನ್ನು ಬಿಟ್ಟುಬಿಡಿ, ಸ್ವಲ್ಪ ಮಣ್ಣಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಿ. ತೀರ ಉದ್ದನೆಯದು, ತೀರ ದುಂಡನೆಯದು, ಚಿಪ್ಪು ತೆಳುವಾದದ್ದು, ಬಿರುಕಿನದು ಬೇಡ. ಬಿರುಕು ಕಣ್ಣಿಗೆ ಕಾಣದಿದ್ದರೂ ಎರಡು ಮೊಟ್ಟೆ ಮೆಲ್ಲಗೆ ತಾಗಿಸಿದಾಗ ಒಡಕು ಸದ್ದು ಬರುತ್ತದೆ. ಪ್ರತಿಯೊಂದರ ಮೇಲೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬೇರೆ ಹೇಂಟೆಗಳು ಬಂದು ಅದೇ ಗೂಡಿನಲ್ಲಿ ಇಟ್ಟು ಹೋಗುತ್ತವೆ, ಗುರುತಿಲ್ಲದ್ದನ್ನು ಆ ದಿನವೇ ತೆಗೆಯಬೇಕು.

ಎಷ್ಟು ಇಡಬೇಕು ಎಂಬುದರಲ್ಲಿ ಆಸೆ ಕೆಲಸ ಕೆಡಿಸುತ್ತದೆ. ನಮ್ಮ ಹಳಬರು 9, 11, 13 ಎಂದು ಬೆಸ ಸಂಖ್ಯೆಯಲ್ಲಿ ಇಡುತ್ತಾರೆ. ಬೆಸವೋ ಸಮವೋ, ಕೋಳಿಯ ಎದೆ ರೆಕ್ಕೆಯಡಿ ಪೂರ್ತಿ ಮುಚ್ಚುವಷ್ಟು ಮಾತ್ರ ಇರಬೇಕು. ಹೇಂಟೆ ಕೊಕ್ಕಿನಿಂದ ದಿನವಿಡೀ ಮೊಟ್ಟೆ ಹೊರಳಿಸಿ ಅಂಚಿನದನ್ನು ನಡುವಿಗೂ ನಡುವಿನದನ್ನು ಅಂಚಿಗೂ ತಳ್ಳುತ್ತಿರುತ್ತದೆ. ಎರಡು ಹೆಚ್ಚಾಗಿ ಇಟ್ಟರೆ ಹೋಗುವುದು ಎರಡೇ ಅಲ್ಲ, ಸರದಿಯಲ್ಲಿ ಅಂಚಿಗೆ ಬಂದ ಪ್ರತಿಯೊಂದೂ ತಣ್ಣಗಾಗಿ ನಾಲ್ಕೈದು ಕೆಡುತ್ತವೆ. ಕಾರ್ತಿಕದಿಂದ ಮಾಘದವರೆಗಿನ ಚಳಿಗೆ 9ರಿಂದ 11, ಬೇಸಿಗೆಗೆ 13.

ಕೂರಿಸಿದ್ದು ಭಾನುವಾರ ರಾತ್ರಿ ಎಂಟಕ್ಕೆ. ಸೌದೆ ಕೊಟ್ಟಿಗೆಯಲ್ಲಿ ಜನರ ಓಡಾಟ ಹೆಚ್ಚು, ಮುಂಗುಸಿಯ ದಾರಿಯೂ ಅದೇ, ಆದ್ದರಿಂದ ಹೇಂಟೆಯನ್ನು ಹಳೆಯ ಹಿಟ್ಟಿನ ಕೋಣೆಗೆ ತರಬೇಕಿತ್ತು. ಹಗಲು ಜಾಗ ಬದಲಿಸಿದರೆ ಅದು ಹಳೆಯ ಮೂಲೆಗೇ ಓಡುತ್ತದೆ. ಶುಕ್ರವಾರ ಕತ್ತಲಾದ ಮೇಲೆ ಎರಡೂ ಕೈ ಅಡಿಗೆ ಹಾಕಿ ರೆಕ್ಕೆ ಒತ್ತಿ ಎತ್ತಿ, ಹೊಸ ಮಂಕರಿಯಲ್ಲಿ ನಾಲ್ಕು ಹಳೆಯ ಮೊಟ್ಟೆಯ ಮೇಲೆ ಕೂರಿಸಿ, ಗೋಣಿ ಮುಚ್ಚಿ, ಹಳೆಯ ಮೂಲೆಗೆ ಸೌದೆ ತುಂಬಿ ಮುಚ್ಚಿದೆವು. ಶನಿವಾರ ಸಂಜೆ ಗೋಣಿ ತೆಗೆದಾಗ ಮೇವು ತಿಂದು ಕೊಟ್ಟಿಗೆಯತ್ತ ಎರಡು ಹೆಜ್ಜೆ ಹಾಕಿತು, ಮತ್ತೆ ತಿರುಗಿ ಬಂದು ಮಂಕರಿಗೇ ಹತ್ತಿತು. ಹೊಟ್ಟೆ ತಣ್ಣಗಾಯಿತು. ಮರುದಿನ ರಾತ್ರಿ ಹಳೆಯ ಮೊಟ್ಟೆ ತೆಗೆದು ಹನ್ನೊಂದನ್ನೂ ಒಟ್ಟಿಗೇ ಇಟ್ಟೆವು. ಇವತ್ತು ಎರಡು, ನಾಳೆ ಮೂರು ಎಂದು ಇಡಬಾರದು. ಮೊದಲು ಹುಟ್ಟಿದ ಮರಿಗಳನ್ನು ಕರೆದುಕೊಂಡು ತಾಯಿ ಎದ್ದುಬಿಡುತ್ತದೆ, ಉಳಿದವು ಹೋದ ಹಾಗೆ. ಲೆಕ್ಕ ಸುಲಭ: ಭಾನುವಾರ ಕೂರಿಸಿದರೆ ಮೂರು ವಾರದ ಮೇಲೆ ಭಾನುವಾರವೇ ಮರಿ.

ಮಂಕರಿಯನ್ನು ಒಂದು ಮಣೆಯ ಮೇಲಿಟ್ಟು, ಮಣೆಯ ಕಾಲುಗಳನ್ನು ನೀರಿನ ತೆಂಗಿನ ಚಿಪ್ಪುಗಳಲ್ಲಿ ನಿಲ್ಲಿಸಿದೆವು. ಇರುವೆಗೆ ಅದೊಂದೇ ತಡೆ. ಕಿಟಕಿಗೆ ಅರ್ಧ ಇಂಚಿನ ಜಾಲರಿ ಹೊಡೆದೆವು. ಸಾಮಾನ್ಯ ಕೋಳಿ ಜಾಲರಿಯ ಕಣ್ಣಿನಲ್ಲಿ ಹಾವು ಸಲೀಸಾಗಿ ನುಗ್ಗುತ್ತದೆ, ಮೊಟ್ಟೆ ನುಂಗಿ ಹೊಟ್ಟೆ ಉಬ್ಬಿದ ಮೇಲೆ ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತದೆ. ಬೆಳಿಗ್ಗೆ ಕತ್ತಲಲ್ಲಿ ಕೈ ಹಾಕುವವರು ಇದನ್ನು ನೆನಪಿಡಬೇಕು.

ಆಮೇಲಿನ ದಿನಗಳಲ್ಲಿ ಕೆಲಸ ಕಡಿಮೆ, ಕಾಯುವುದೇ ಹೆಚ್ಚು. ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಹೇಂಟೆ ಇಳಿಯುತ್ತಿತ್ತು. ಒಡೆದ ಜೋಳ ಮತ್ತು ಭತ್ತ ಸೇರಿಸಿ ಒಂದು ದೊಡ್ಡ ಹಿಡಿ, ಅಂದರೆ 60ರಿಂದ 70 ಗ್ರಾಂ, ಪಕ್ಕದಲ್ಲಿ ನೀರು, ಒಂದಿಷ್ಟು ಮಣ್ಣು. ಕಲಸಿದ ಹಿಟ್ಟು, ಅನ್ನ ಕೊಡಲಿಲ್ಲ, ಭೇದಿಯಾದರೆ ಗೂಡೇ ಕೊಳಕಾಗುತ್ತದೆ. ಇಳಿದ ತಕ್ಷಣ ಹಾಕುವ ಹಿಕ್ಕೆ ನಿಂಬೆಹಣ್ಣಿನಷ್ಟು ದಪ್ಪ, ನಾತ ಬೇರೆ. ಇಡೀ ದಿನದ್ದನ್ನು ತಡೆದು ಒಂದೇ ಸಲ ಹಾಕುವುದರಿಂದ ಹಾಗಾಗುತ್ತದೆ, ಕಾಯಿಲೆ ಎಂದು ಗಾಬರಿಯಾಗಬೇಡಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ತಾನೇ ವಾಪಸ್ಸಾಗುತ್ತದೆ. ಅರ್ಧ ಗಂಟೆಯಾದರೂ ಮೊಟ್ಟೆಗೆ ತೊಂದರೆಯಿಲ್ಲ, ಅಟ್ಟಿಸಿಕೊಂಡು ಹೋಗಬೇಡಿ. ಎರಡು ದಿನ ಇಳಿಯದಿದ್ದರೆ ನಾವೇ ಎತ್ತಿ ಇಳಿಸಬೇಕು, ಎತ್ತುವ ಮೊದಲು ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು.

ಏಳನೇ ರಾತ್ರಿ ಮೊಟ್ಟೆ ನೋಡಿದೆವು. ರಟ್ಟಿನ ಡಬ್ಬಿಗೆ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಒಳಗೆ ಮೊಬೈಲ್ ಟಾರ್ಚ್ ಹಚ್ಚಿ, ದಪ್ಪ ತುದಿಯನ್ನು ತೂತಿಗೆ ಒತ್ತಿ ಹಿಡಿದರೆ ಸಾಕು, ಕೋಣೆ ಪೂರ್ತಿ ಕತ್ತಲಿರಬೇಕು. ಒಳಗೆ ಕೆಂಪು ನರಗಳು ಜೇಡರ ಕಾಲಿನ ಹಾಗೆ ಹರಡಿ, ನಡುವೆ ಕಪ್ಪು ಚುಕ್ಕೆಯೊಂದು ಅಲುಗಿತು. ಹತ್ತರಲ್ಲಿ ಹೀಗೆ ಕಂಡಿತು, ಒಂದು ಮಾತ್ರ ಇಟ್ಟ ದಿನದಷ್ಟೇ ತಿಳಿಯಾಗಿತ್ತು. ಗೊಡ್ಡು, ತೆಗೆದೆವು. 14ನೇ ರಾತ್ರಿ ಇನ್ನೊಂದು ಹೋಗಿತ್ತು: ನರಗಳು ಅಳಿಸಿ ರಕ್ತದ ಉಂಗುರ ಒಂದು ಪಕ್ಕಕ್ಕೆ ಅಂಟಿಕೊಂಡಿತ್ತು. ಇಂಥದ್ದನ್ನು ಪಾಪ ಎಂದು ಬಿಡಬೇಡಿ. ಕೊಳೆತ ಮೊಟ್ಟೆ ಒಳಗೆ ಗಾಳಿ ತುಂಬಿ ಪಟ್ಟನೆ ಒಡೆದರೆ ಆ ರಸ ಉಳಿದ ಚಿಪ್ಪುಗಳಿಗೆ ಮೆತ್ತಿ ಎಲ್ಲವನ್ನೂ ಕೆಡಿಸುತ್ತದೆ. ಎರಡು ಹೇಂಟೆಯನ್ನು ಒಂದೇ ದಿನ ಕೂರಿಸಿದವರಿಗೆ ಏಳನೇ ರಾತ್ರಿ ಒಂದು ಅನುಕೂಲ ಇದೆ, ಎರಡರಲ್ಲೂ ಗೊಡ್ಡು ಹೆಚ್ಚಿದ್ದರೆ ಒಳ್ಳೆಯದನ್ನೆಲ್ಲ ಒಂದರ ಕೆಳಗೆ ಸೇರಿಸಬಹುದು.

ಅದೇ ರಾತ್ರಿ ದಪ್ಪ ತುದಿಯ ಗಾಳಿಚೀಲವನ್ನೂ ನೋಡಿ. 21 ದಿನದಲ್ಲಿ ಮೊಟ್ಟೆ ತನ್ನ ತೂಕದ ನೂರಕ್ಕೆ 11ರಿಂದ 13 ಭಾಗ ನೀರು ಕಳೆದುಕೊಳ್ಳಬೇಕು, ಆ ಜಾಗಕ್ಕೆ ಗಾಳಿ ಬರುತ್ತದೆ, ಮರಿ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. ಜುಲೈಯಲ್ಲಿ ಮಂಕರಿ ಹಸಿ ನೆಲದ ಮೇಲಿತ್ತು, ಹೊರಗೆ ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು. ಮನೆಯ ಐದು ಮೊಟ್ಟೆಯಲ್ಲಿ ಮರಿ ಪೂರ್ತಿ ಬೆಳೆದೂ ಚಿಪ್ಪೊಳಗೆ ನೀರಿನಲ್ಲೇ ಸತ್ತಿದ್ದವು. ಒಡೆದು ನೋಡಿದಾಗ ಪುಕ್ಕ, ಉಗುರು ಎಲ್ಲ ಬಂದಿತ್ತು. ನೋಡಲಾಗಲಿಲ್ಲ. ಮಲೆನಾಡಿನ ಮಳೆಯಲ್ಲಿ ಕೂರಿಸಲೇಬೇಕಾದರೆ ನೆಲದಿಂದ ಎತ್ತರ ಮಾಡಿ, ಒಲೆಯ ಬೆಚ್ಚಗಿನ ಗೋಡೆಯ ಪಕ್ಕ ಇಡಬೇಕು. ಅರಸೀಕೆರೆ ಕಡೆಯ ಒಣ ಬಯಲಿನಲ್ಲಿ ಬೇಸಿಗೆಗೆ ಇದರ ತಿರುವುಮುರುವು. ಅಲ್ಲಿ ಚಿಪ್ಪಿನೊಳಗಿನ ಪೊರೆ ಒಣಗಿ ಮರಿಗೆ ಅಂಟುತ್ತದೆ, ಗೂಡಿನ ತಳದ ಮರಳಿಗೆ ನೀರು ಚಿಮುಕಿಸಬೇಕು. ಅವರ ಉಪಾಯ ನಮಗೆ ಬೇಡ, ನಮ್ಮದು ಅವರಿಗೆ ಬೇಡ.

18ನೇ ದಿನದಿಂದ ಮುಟ್ಟಲಿಲ್ಲ. ಈ ಹೊತ್ತಿಗೆ ಮರಿ ಒಳಗೆ ತಿರುಗಿ ಕೊಕ್ಕನ್ನು ಗಾಳಿಚೀಲದ ಕಡೆ ಮಾಡಿಕೊಳ್ಳುತ್ತದೆ, ಕದಲಿಸಿದರೆ ಕೆಡುತ್ತದೆ. ಬೂದಿಯನ್ನೂ ಹಾಕಬಾರದು. 20ನೇ ದಿನ ಸಂಜೆ ಕಿವಿಗೊಟ್ಟರೆ ಚಿಪ್ಪೊಳಗಿಂದ ಚಿಯ್ ಎನ್ನುವ ಸದ್ದು, ಮೇಲಿನಿಂದ ಹೇಂಟೆ ಮೆಲ್ಲಗೆ ಉತ್ತರ ಕೊಡುವ ಸದ್ದು. ಆ ರಾತ್ರಿ ಒಂದರ ಮೇಲೆ ಎಳ್ಳುಕಾಳಿನಷ್ಟು ಜಾಗ ನಕ್ಷತ್ರದ ಹಾಗೆ ಬಿರಿದಿತ್ತು. ಬೆಳಿಗ್ಗೆಯೂ ಅಷ್ಟೇ ಇತ್ತು. ಇಲ್ಲೇ ಎಲ್ಲರ ಕೈ ತುರಿಸುವುದು. ಬಿಡಿಸಬೇಡಿ. ಬಿರಿದ ಮೇಲೆ 12ರಿಂದ 24 ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮರಿ ಹಳದಿಯ ಚೀಲವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನರಗಳಲ್ಲಿ ಇನ್ನೂ ರಕ್ತ ಇರುತ್ತದೆ. ಉಗುರಿನಿಂದ ಚಿಪ್ಪು ಎತ್ತಿದರೆ ರಕ್ತ ಹರಿದು ಸಾಯುತ್ತದೆ. ಮೊಟ್ಟೆಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು ಅಲುಗುತ್ತದೆಯೇ ನೋಡುವ ರೂಢಿ ನಮ್ಮಲ್ಲಿದೆ, ಆದರೆ ಒಮ್ಮೆ ಬಿರಿದ ಮೊಟ್ಟೆಯನ್ನು ನೀರಿಗೆ ಬಿಟ್ಟರೆ ಮರಿ ಮುಳುಗಿ ಸಾಯುತ್ತದೆ.

ಭಾನುವಾರ ಮಧ್ಯಾಹ್ನದೊಳಗೆ ಎಂಟು, ಒಂಬತ್ತನೆಯದು ಸೋಮವಾರ ಬೆಳಿಗ್ಗೆ. ಮರಿಗೆ ಹಸಿವಾಗುತ್ತದೆಂದು ತಾಯಿಯನ್ನು ಎಬ್ಬಿಸಬೇಕಿಲ್ಲ, ಹೊಟ್ಟೆಯೊಳಗಿನ ಹಳದಿ ಎರಡು ದಿನಕ್ಕೆ ಧಾರಾಳ. ಚಿಪ್ಪುಗಳನ್ನು ಮಾತ್ರ ತೆಗೆದೆವು, ಅದರ ವಾಸನೆಗೆ ಇರುವೆ ಬರುತ್ತದೆ.

ಮೊದಲು ನೀರು, ಆಮೇಲೆ ಮೇವು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿಸಿದರೆ ಮರಿ ಮುಳುಗುವುದಿಲ್ಲ. ನುಚ್ಚಕ್ಕಿ, ರಾಗಿ ಹಾಕಿ ಬೆಳೆಸಿದವರೇ ಹೆಚ್ಚು, ಆದರೆ ಬರೇ ಕಾಳಿನಲ್ಲಿ ಮರಿಗೆ ಬೇಕಾದ ಪ್ರೋಟೀನ್ ಇಲ್ಲ, ಪುಕ್ಕ ಬರುವುದು ತಡವಾಗಿ ಚಳಿಗೆ ಸಿಗುತ್ತವೆ. ಮೊದಲ ಮೂರು ವಾರಕ್ಕೆ ಚಿಕ್ ಸ್ಟಾರ್ಟರ್, ಅಂದರೆ ಮರಿಗಳ ಸಿದ್ಧ ಮೇವು, 5 ಕಿಲೋ ತಂದೆವು, 225 ರೂಪಾಯಿ. ಹತ್ತು ದಿನ ತಾಯಿಯನ್ನು ಕುಕ್ಕೆಯಡಿ ಮುಚ್ಚಿಟ್ಟು ಮರಿಗಳು ಮಾತ್ರ ಸಂದಿಯಿಂದ ಓಡಾಡುವ ಹಾಗೆ ಮಾಡಿದರೆ ಗಿಡುಗ, ಕಾಗೆ ಬಂದಾಗ ತಾಯಿಯ ಒಂದು ಕೂಗಿಗೆ ಎಲ್ಲವೂ ಒಳಗೆ ನುಗ್ಗುತ್ತವೆ.

ಏಳನೇ ದಿನ, ಅಂದರೆ ನಿನ್ನೆ, ಕೊಕ್ಕರೆ ರೋಗದ (ರಾಣಿಖೇತ್) ಲಸೋಟಾ ಎಂಬ ಲಸಿಕೆ ಹಾಕಿದೆವು. ಇದಕ್ಕೇ ಹೆಚ್ಚು ಅಲೆದಾಟ. ಚಿಕ್ಕ ಸೀಸೆಯಲ್ಲೇ 100 ಮರಿಗಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂಬತ್ತು ಮರಿಗೆ ಒಂದು ಸೀಸೆ ಒಡೆಯುವುದು ದಂಡ, ಹಾಗೆಂದು ಬಿಟ್ಟರೆ ರೋಗ ಬಂದ ದಿನ ಒಡ್ಡಿಯೇ ಖಾಲಿ. ಮೂರು ಮನೆಯವರು ಸೇರಿ 40 ಮರಿ ಆದವು, ನಮ್ಮ ಪಾಲಿಗೆ 40 ರೂಪಾಯಿ ಬಿತ್ತು. ಐಸ್ ತುಂಬಿದ ಫ್ಲಾಸ್ಕ್‌ನಲ್ಲಿ ತರಬೇಕು, ಜೊತೆಗೆ ಕೊಡುವ ದ್ರಾವಣದಲ್ಲೇ ಬೆರೆಸಬೇಕು, ಒಂದು ಕಣ್ಣಿಗೆ ಒಂದು ತೊಟ್ಟು ಬಿಟ್ಟು ಮರಿ ಕಣ್ಣು ಮಿಟುಕಿಸುವವರೆಗೆ ಹಿಡಿದಿರಬೇಕು. 14ನೇ ದಿನ ಗುಂಬೋರೋ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟಾ, ಎಂಟು ವಾರ ದಾಟಿದ ಮೇಲೆ ಕೊಕ್ಕರೆ ರೋಗಕ್ಕೇ ಆರ್‌2ಬಿ ಎಂಬ ಚುಚ್ಚುಮದ್ದು. ಕೂರಿಸುವ ದಿನವೇ ನೆರೆಮನೆಯವರ ಜೊತೆ ಮಾತಾಡಿಕೊಂಡು ಒಂದೇ ವಾರದಲ್ಲಿ ಕೂರಿಸಿದರೆ ಸೀಸೆಯ ತಾಪತ್ರಯ ಇರುವುದಿಲ್ಲ.

ಈವರೆಗಿನ ಖರ್ಚು: ಮೊಟ್ಟೆ 75, ಜೋಳ ಭತ್ತ 60, ಸ್ಟಾರ್ಟರ್ 225, ಲಸಿಕೆ 40, ಒಟ್ಟು 400 ರೂಪಾಯಿ. ಖಾಲಿಯಾದ ಮಂಕರಿಯ ಹುಲ್ಲು ಸುಟ್ಟು, ಮತ್ತೆ ಕುದಿನೀರು ಸುರಿದು ಕಣಕ್ಕೆ ಹಾಕಿದ್ದೇವೆ. ಬೂದು ಹೇಂಟೆ ಎರಡು ರಾತ್ರಿಯಿಂದ ಅಡ್ಡೆ ಹತ್ತಿಲ್ಲ.